ಸೋಮ ಹೊತ್ತವರ ಹೆಜ್ಜೆ

ದುಡಿಯುವವರ ಮೈಚಲನೆಯಿಂದ ನೃತ್ಯ ಕಟ್ಟುವುದು ನಗರದ ರಂಗಗಳಿಗೆ ಹೊಸ ಪ್ರಯೋಗ ಇರಬಹುದು. ಕುಣಿಗಲ್ ಕಡೆಯವರು ಅದಕ್ಕೆ ಬೆರಗಾಗಲಿಕ್ಕಿಲ್ಲ. ನಮ್ಮ ಸೋಮನ ಕುಣಿತದಲ್ಲಿ ಕುಣಿಯುವವರೇ ದುಡಿಯುವವರು. ತುಮಕೂರು, ಹಾಸನ, ಮಂಡ್ಯ ಸೀಮೆಯ ಗ್ರಾಮದೇವತೆ ಜಾತ್ರೆಗಳಲ್ಲಿ ಸೋಮ ಹೊರುವವರು ಹೆಚ್ಚಾಗಿ ಗಂಗೆಮತಸ್ಥರು, ಮೀನು ಹಿಡಿಯುವ ಕುಲಕಸುಬಿನವರು. ಸೋಮ ಎಂದರೆ ಮರದಲ್ಲಿ ಕೆತ್ತಿದ ದೊಡ್ಡ ಮುಖವಾಡ, ದಪ್ಪ ಮೀಸೆ. ಮೇಲೆ ನವಿಲುಗರಿ, ಬಣ್ಣದ ಬಾವುಟ, ಬೇವಿನ ಸೊಪ್ಪು. ಕೆಂಪು ಸೋಮ ಸೌಮ್ಯ, ಹಳದಿಯವನು ಉಗ್ರ. ಕೆಂಪೇ ಸೌಮ್ಯವೆಂಬುದು ನನಗಂತೂ ಬಲು ಇಷ್ಟ. ಇಷ್ಟು ಭಾರ ಹೊತ್ತವನು ಮೈಮರೆತು ಎಗರಿದರೆ ಆಯ ತಪ್ಪುತ್ತದೆ. ಹಾಗಾಗಿ ಕತ್ತು ನೆಟ್ಟಗೆ, ಮಂಡಿ ಸಡಿಲ. ದೋಣು ವಾದ್ಯದ ಬಡಿತ ಏರಿದಾಗಲೂ ಲಯವೆಲ್ಲ ಪಾದದಲ್ಲೇ. ಹುಲ್ಲಿನ ಹೊರೆ ಹೊತ್ತು ಬದುವಿನ ಮೇಲೆ ನಡೆದು ಗೊತ್ತಿದ್ದವರಿಗೆ ಇದನ್ನು ಬೇರೆ ಕಲಿಸಬೇಕಾಗಿಲ್ಲ.