ಕುಡುಗೋಲು ಹಿಡಿದ ಜೇನ್

ಜೋಂಬಿ ಕಾದಂಬರಿಗಳ ನಾಯಕಿಗೆ ‘ಗಟ್ಟಿಗಿತ್ತಿ’ ಎಂಬ ಬಿರುದು ಬಲು ಅಗ್ಗವಾಗಿ ಸಿಗುತ್ತದೆ. ಹದಿನೇಳರ ಹುಡುಗಿ ಕತ್ತಿ ಹಿಡಿದು ಹತ್ತಾರು ನಡೆದಾಡುವ ಹೆಣಗಳ ರುಂಡ ಹಾರಿಸಿದರೆ ಸಾಕು, ಬೆನ್ನುಡಿ ತಾನಾಗಿ ತಯಾರಾಗುತ್ತದೆ. ಜಸ್ಟಿನಾ ಐರ್ಲೆಂಡ್ ಅವರ ‘ಡ್ರೆಡ್ ನೇಷನ್’ (2018) ಈ ಗುಂಪಿನಿಂದ ಸಿಡಿದು ನಿಲ್ಲುತ್ತದೆ. ಇಲ್ಲಿ ನಾಯಕಿಯ ಶೌರ್ಯವೇ ಅವಳ ಸಂಕೋಲೆ.

1863ರ ಗೆಟಿಸ್‌ಬರ್ಗ್ ಕಾಳಗದಲ್ಲಿ ಸತ್ತವರು ಎದ್ದು ಕೂರುತ್ತಾರೆ. ಅಮೆರಿಕದ ಅಂತರ್ಯುದ್ಧ ಅಲ್ಲಿಗೆ ನಿಲ್ಲುತ್ತದೆ. ಹೆಸರಿಗೆ ಗುಲಾಮಗಿರಿಯೂ ಮುಗಿಯುತ್ತದೆ. ಬೆನ್ನಿಗೇ ಹೊಸ ಕಾನೂನು: ಕಪ್ಪು ಜನರ ಮತ್ತು ಮೂಲನಿವಾಸಿಗಳ ಮಕ್ಕಳು ಕಾಳಗದ ಶಾಲೆ ಸೇರಲೇಬೇಕು. ಬಾಲ್ಟಿಮೋರ್ ಹತ್ತಿರದ ಅಂಥದೊಂದು ಶಾಲೆಯಲ್ಲಿ ಜೇನ್ ಮೆಕೀನ್ ಕಲಿಯುವುದು ಶ್ರೀಮಂತ ಬಿಳಿಯ ಹೆಂಗಸರ ಬೆಂಗಾವಲಾಗಲಿಕ್ಕೆ. ಅವಳು ಎರಡು ಕೈಯಲ್ಲೂ ಕುಡುಗೋಲು ಬೀಸುವಾಗ ಓದುವವರಿಗೆ ಮೈ ಜುಮ್ಮೆನ್ನುತ್ತದೆ. ಈ ವಿದ್ಯೆ ಯಾರ ಪ್ರಾಣ ಕಾಯಲಿಕ್ಕೆ ಎಂಬುದು ಮರುಗಳಿಗೆಯೇ ನೆನಪಾಗಿ ಆ ಖುಷಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. 1879ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ಮೂಲನಿವಾಸಿ ಮಕ್ಕಳಿಗಾಗಿ ಶುರುವಾದ ವಸತಿ ಶಾಲೆಯನ್ನು ಬಲ್ಲವರಿಗೆ ಕಾದಂಬರಿಯ ಈ ಕಡ್ಡಾಯ ಶಾಲೆ ಬರೀ ಕಲ್ಪನೆ ಎನಿಸುವುದಿಲ್ಲ.

ಜೇನ್‌ಳ ನಿಜವಾದ ಆಯುಧ ನಾಲಿಗೆ. ಸುಳ್ಳು ಹೇಳುತ್ತಾಳೆ, ಚುಚ್ಚುತ್ತಾಳೆ, ದಡ್ಡಿಯಂತೆ ನಟಿಸುತ್ತಾಳೆ. ತಾಯಿಗೆ ಬರೆದ ಕಾಗದದಲ್ಲಿ ಎಲ್ಲವೂ ಕ್ಷೇಮ; ಅದರ ಕೆಳಗೇ ಶುರುವಾಗುವ ಅಧ್ಯಾಯದಲ್ಲಿ ಕ್ಷೇಮದ ಸುಳಿವೂ ಇಲ್ಲ. ಈ ನಗೆಯನ್ನು ಐರ್ಲೆಂಡ್ ಬಹಳ ಹದವಾಗಿ ಬಳಸಿದ್ದಾರೆ. ಅವರ ಇನ್ನೊಂದು ಗೆಲುವು ಕ್ಯಾಥರೀನ್. ಉಡುಗೆತೊಡುಗೆಯ ಹುಚ್ಚಿನ, ಬಿಳಿಯಳೆಂದೇ ನಂಬಿಸಬಹುದಾದ ಮೈಬಣ್ಣದ ಈ ಹುಡುಗಿ ಗುರಿ ತಪ್ಪದ ಬಂದೂಕುಗಾರ್ತಿ. ಹೆಣ್ತನದ ಅಲಂಕಾರ ಬಿಟ್ಟರೆ ಮಾತ್ರ ಹೆಣ್ಣು ಗಟ್ಟಿ ಎಂಬ ಸವಕಲು ನಂಬಿಕೆಗೆ ಅವಳೇ ಉತ್ತರ. ಇಬ್ಬರ ಜಗಳ ನಿಧಾನವಾಗಿ ಸ್ನೇಹವಾಗುವ ಪುಟಗಳ ಮುಂದೆ ಇಲ್ಲಿನ ಪ್ರಣಯ ಪ್ರಸಂಗಗಳು ಸಪ್ಪೆ.

ಕ್ಯಾರಿ ರಯಾನ್ ಅವರ ‘ದ ಫಾರೆಸ್ಟ್ ಆಫ್ ಹ್ಯಾಂಡ್ಸ್ ಅಂಡ್ ಟೀತ್’ (2009) ಮುಗ್ಗರಿಸಿದ್ದು ಇಲ್ಲಿಯೇ. ಬೇಲಿಯೊಳಗಿನ ಊರು, ಆಳುವ ಸನ್ಯಾಸಿನಿಯರು, ಸಮುದ್ರ ನೋಡಬೇಕೆಂಬ ಮೇರಿಯ ಹಟ, ಎಲ್ಲ ಚೆನ್ನ. ಆದರೆ ಇಬ್ಬರು ಅಣ್ಣತಮ್ಮಂದಿರ ನಡುವಿನ ತೊಳಲಾಟ ಆ ಹಟವನ್ನೇ ಮಂಕಾಗಿಸುತ್ತದೆ. ಕರ್ಟ್ನಿ ಸಮ್ಮರ್ಸ್ ಅವರ ‘ದಿಸ್ ಈಸ್ ನಾಟ್ ಎ ಟೆಸ್ಟ್’ (2012) ಇನ್ನೂ ಧೈರ್ಯದ ಪುಸ್ತಕ: ತಂದೆಯ ಹೊಡೆತಕ್ಕೆ ನಲುಗಿ ಬದುಕೇ ಬೇಡವೆಂದುಕೊಂಡ ಸ್ಲೋನ್‌ಗೆ ಜೋಂಬಿಗಳಿಗಿಂತ ಮನೆಯೇ ಭಯಾನಕ.

‘ಡ್ರೆಡ್ ನೇಷನ್’ಗೂ ಊನಗಳಿವೆ. ಕಥೆ ಕ್ಯಾನ್ಸಸ್‌ನ ಸಮ್ಮರ್‌ಲ್ಯಾಂಡ್‌ಗೆ ಸಾಗಿದ ಮೇಲೆ ಓಟ ಕುಂಟುತ್ತದೆ. ಅಲ್ಲಿನ ಶೆರಿಫ್, ಪಾದ್ರಿ ಇಬ್ಬರೂ ಬಯಲಾಟದ ರಕ್ಕಸರಂತೆ ಒಂದೇ ಬಣ್ಣದವರು. ಮೂಲನಿವಾಸಿಗಳ ನೋವಿನಿಂದ ಕಥೆಯ ಚೌಕಟ್ಟನ್ನು ಕಟ್ಟಿಕೊಂಡ ಲೇಖಕಿ ಅವರ ಪಾತ್ರಗಳನ್ನು ಅಂಚಿಗೆ ಸರಿಸಿದ್ದು ಸಣ್ಣ ತಪ್ಪಲ್ಲ. ಆದರೂ ಈ ಮೂರರಲ್ಲಿ ಒಂದನ್ನೇ ಹದಿಹರೆಯದ ಓದುಗರ ಕೈಗಿಡಬೇಕೆಂದರೆ ನಾನು ಕೊಡುವುದು ಇದನ್ನೇ. ಇದರ ಎರಡನೆಯ ಭಾಗ ‘ಡೆತ್‌ಲೆಸ್ ಡಿವೈಡ್’ 2020ರಲ್ಲಿ ಬಂದಿದೆ. ಅದರಲ್ಲಿ ಕ್ಯಾಥರೀನ್‌ಗೂ ಕಥೆ ಹೇಳುವ ಸರದಿ ಸಿಕ್ಕಿದೆ.