ಕಲಾಕೃತಿ ಸರಿ, ಕಲಾವಿದ ಯಾರು?

2019ರ ಜೂನ್‌ನಲ್ಲಿ ಇಟಲಿಯ ಬೊಲೋನ್ಯಾ ನಗರದ ನ್ಯಾಯಾಲಯವೊಂದು ಒಂದು ಕಾರನ್ನು ಕಲಾಕೃತಿ ಎಂದು ಘೋಷಿಸಿತು. ಕಾರಿನ ಹೆಸರು ಫೆರಾರಿ 250 ಜಿಟಿಒ. 1962ರಿಂದ 1964ರ ನಡುವೆ ತಯಾರಾದ ಈ ಮೂರು ಲೀಟರ್ ಎಂಜಿನ್ನಿನ ಕಾರುಗಳ ಸಂಖ್ಯೆ ಕೇವಲ 36. ಮೊಡೆನಾದ ಇನ್ನೊಂದು ಕಂಪನಿ ಅದೇ ಆಕಾರದ ಹೊಸ ಕಾರು ಮಾಡಲು ಹೊರಟಾಗ ಫೆರಾರಿ ಕಂಪನಿ ಕೋರ್ಟಿಗೆ ಹೋಯಿತು. ಈ ಕಾರಿನ ರೇಖೆಗಳು ಅನನ್ಯ, ಇದಕ್ಕೆ ಕೃತಿಸ್ವಾಮ್ಯದ ರಕ್ಷಣೆ ಇದೆ ಎಂದು ಕೋರ್ಟು ಹೇಳಿತು. ಅದರ ಹಿಂದಿನ ವರ್ಷವಷ್ಟೇ ಇಂಥದೊಂದು ಕಾರು ಅಮೆರಿಕದ ಹರಾಜಿನಲ್ಲಿ 4 ಕೋಟಿ 84 ಲಕ್ಷ ಡಾಲರಿಗೆ ಮಾರಾಟವಾಗಿತ್ತು.

ಇದು ಶ್ರೀಮಂತರ ಆಟಿಕೆಯ ಜಗಳ, ನಮಗೇಕೆ ಎಂದು ಓದುಗರಿಗೆ ಅನಿಸಬಹುದು. ನನಗೂ ಮೊದಲು ಹಾಗೆಯೇ ಅನಿಸಿತ್ತು. ಆದರೆ ಒಂದು ವಸ್ತುವನ್ನು ಕಲಾಕೃತಿ ಎಂದು ಕರೆದ ಮರುಗಳಿಗೆಯೇ ಇನ್ನೊಂದು ಪ್ರಶ್ನೆ ಏಳುತ್ತದೆ. ಕವಿತೆಗೆ ಕವಿ ಇದ್ದಾನೆ, ಚಿತ್ರಕ್ಕೆ ಚಿತ್ರಕಾರನಿದ್ದಾನೆ. ಈ ಕಲಾಕೃತಿಯ ಕಲಾವಿದ ಯಾರು? ಹಕ್ಕು ಹೋದದ್ದು ಕಂಪನಿಗೆ. ಆದರೆ ಕಂಪನಿಗೆ ಕೈಯಿಲ್ಲ, ಕಣ್ಣಿಲ್ಲ. ಆ ರೇಖೆಯನ್ನು ಎಳೆದ ಕೈ ಯಾರದೋ ಇರಲೇಬೇಕಲ್ಲ?

ಕಾರಿನ ಎಂಜಿನ್ನಿನಿಂದಲೇ ಶುರು ಮಾಡೋಣ. ಹನ್ನೆರಡು ಸಿಲಿಂಡರಿನ ಆ ಎಂಜಿನ್ನಿನ ಮೂಲ ವಿನ್ಯಾಸ ಜೊವಾಕಿನೊ ಕೊಲಂಬೊ ಎಂಬವರದು. ಅದು ಒಂದೂವರೆ ಲೀಟರಿನ ಪುಟ್ಟ ಎಂಜಿನ್ನಾಗಿ 1947ರಲ್ಲಿ ಮೊದಲ ಫೆರಾರಿ ಕಾರಿನೊಳಗೆ ಕುಳಿತಿತ್ತು. ಹದಿನೈದು ವರ್ಷ ಹಲವರ ಕೈಯಲ್ಲಿ ಪಳಗಿ, ಬೆಳೆದು, ಮೂರು ಲೀಟರಾಗಿ ಜಿಟಿಒಗೆ ಬಂತು. ಇನ್ನು ಇಡೀ ಕಾರಿನ ಯೋಜನೆ 1961ರಲ್ಲಿ ಜೊತ್ತೊ ಬಿಜ್ಜಾರಿನಿ ಎಂಬ ಎಂಜಿನಿಯರ್ ಕೈಯಲ್ಲಿತ್ತು. ಪೀಸಾ ವಿಶ್ವವಿದ್ಯಾಲಯದಲ್ಲಿ ಓದಿದವರು, 1957ರಲ್ಲಿ ಫೆರಾರಿಗೆ ಸೇರಿದವರು. ಹಳೆಯ ಕಾರಿನ ಮೂತಿ ದಪ್ಪ, ವೇಗ ಹೆಚ್ಚಿದಾಗ ಮುಂಭಾಗ ನೆಲ ಬಿಟ್ಟು ಏಳುವಂತಾಗುತ್ತಿತ್ತು. ಬಿಜ್ಜಾರಿನಿ ಎಂಜಿನ್ನನ್ನು ಹಿಂದಕ್ಕೂ ಕೆಳಕ್ಕೂ ಸರಿಸಿದರು. ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ತೊಟ್ಟಿಯನ್ನು ತೆಗೆದು, ಎಣ್ಣೆಯನ್ನು ಬೇರೆ ಟ್ಯಾಂಕಿಗೆ ಸಾಗಿಸಿದರು. ಹೀಗೆ ಜಾಗ ಸಿಕ್ಕಿದ್ದರಿಂದ ಬಾನೆಟ್ ತಗ್ಗಿತು, ಮೂತಿ ಚೂಪಾಯಿತು. ಇಂದು ಜನ ಮೈಮರೆತು ನೋಡುವ ಆ ಇಳಿಜಾರು ಯಾವ ಚಿತ್ರಕಾರನ ಕನಸೂ ಅಲ್ಲ. ಗಾಳಿಯನ್ನು ಸೀಳಬೇಕಾದವನ ಲೆಕ್ಕ ಅದು. ಪರೀಕ್ಷೆಗೆಂದು ಮೊದಲು ತಯಾರಾದ ಕಾರು ತೇಪೆ ಹಾಕಿದ ತಗಡಿನ ಹಾಗಿತ್ತು. ಸ್ಟರ್ಲಿಂಗ್ ಮಾಸ್ ಅದನ್ನು ಮೊಂಜಾದಲ್ಲಿ ಓಡಿಸಿ ನೋಡಿದರು.

ಆದರೆ ಲೆಕ್ಕದಿಂದ ಮೈ ಹುಟ್ಟುವುದಿಲ್ಲ. ಮೈಯನ್ನು ಮಾಡಿದ್ದು ಮೊಡೆನಾದ ಸೆರ್ಜಿಯೊ ಸ್ಕಲಿಯೆತ್ತಿಯ ಕಾರ್ಯಾಗಾರ. ನಮ್ಮ ಊರುಗಳ ಗ್ಯಾರೇಜುಗಳಲ್ಲಿ ಟಿಂಕರಿಂಗ್ ಕೆಲಸ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಯುಮಿನಿಯಂ ತಗಡನ್ನು ಮರಳಿನ ಚೀಲದ ಮೇಲಿಟ್ಟು ಸುತ್ತಿಗೆಯಿಂದ ಬಡಿದು ಉಬ್ಬಿಸುವುದು, ಅಂಗೈಯಿಂದ ಸವರಿ ನೋಡುವುದು, ಮತ್ತೆ ಬಡಿಯುವುದು. ಸ್ಕಲಿಯೆತ್ತಿ ನಕ್ಷೆಗಿಂತ ತನ್ನ ಕಣ್ಣನ್ನೇ ನಂಬಿದ ಮನುಷ್ಯ. ಹದಿಹರೆಯದಲ್ಲೇ ಕಾರಿನ ಮೈ ತಿದ್ದುವ ಕೆಲಸಕ್ಕೆ ಸೇರಿ, ಜಖಂಗೊಂಡ ರೇಸ್ ಕಾರುಗಳನ್ನು ದುರಸ್ತಿ ಮಾಡುತ್ತ ಎಂಜೊ ಫೆರಾರಿಯ ಕಣ್ಣಿಗೆ ಬಿದ್ದವನು. 36 ಕಾರುಗಳಲ್ಲಿ ಒಂದರ ಹಾಗೆ ಇನ್ನೊಂದಿಲ್ಲ ಎಂಬುದಕ್ಕೂ ಇದೇ ಕಾರಣ. ಒಂದರ ಎಡಗಡೆಯ ಮಡ್‌ಗಾರ್ಡು ಅದೇ ಕಾರಿನ ಬಲಗಡೆಯದಕ್ಕೆ ಸರಿಹೊಂದುವುದಿಲ್ಲ. ಸುತ್ತಿಗೆ ಹಿಡಿದ ಆ ಕೆಲಸಗಾರರ ಹೆಸರು ಕಾರಿನ ಮೇಲೆ ಎಲ್ಲಿಯೂ ಇಲ್ಲ.

ಕಥೆ ಇಲ್ಲಿಗೂ ಮುಗಿಯುವುದಿಲ್ಲ. 1961ರ ಕೊನೆಯಲ್ಲಿ ಎಂಜೊ ಫೆರಾರಿಯ ಪತ್ನಿ ಕಾರ್ಖಾನೆಯ ವ್ಯವಹಾರದಲ್ಲಿ ಕೈ ಹಾಕುತ್ತಾರೆಂಬ ಅಸಮಾಧಾನ ದೊಡ್ಡದಾಯಿತು. ಹಿರಿಯರ ಒಂದು ತಂಡವೇ ಹೊರಬಿತ್ತು. ಮುಖ್ಯ ಎಂಜಿನಿಯರ್ ಕಾರ್ಲೊ ಕೀತಿ, ತಂಡದ ಮ್ಯಾನೇಜರ್ ರೊಮೊಲೊ ತವೋನಿ, ಅವರ ಜೊತೆ ಬಿಜ್ಜಾರಿನಿ. ಜಿಟಿಒ ಇನ್ನೂ ಒಂದು ರೇಸನ್ನೂ ಓಡಿರಲಿಲ್ಲ. ಅರ್ಧಕ್ಕೆ ನಿಂತ ಕೆಲಸ ಮೌರೊ ಫೊರ್ಗಿಯೇರಿ ಎಂಬ 26 ವರ್ಷದ ಹುಡುಗನ ತಲೆಗೆ ಬಂತು. ವೇಗದಲ್ಲಿ ಕಾರಿನ ಹಿಂಭಾಗ ನಿಲ್ಲುತ್ತಿರಲಿಲ್ಲ. ಅದಕ್ಕೆ ಬಾಲದ ಅಂಚಿನಲ್ಲಿ ಮೇಲಕ್ಕೆದ್ದ ಸಣ್ಣ ತಡೆಯನ್ನು ಸೇರಿಸಲಾಯಿತು. ಈಗ ಅದೇ ಆ ಕಾರಿನ ಗುರುತು. 1962ರ ಮಾರ್ಚ್‌ನಲ್ಲಿ ಅಮೆರಿಕದ ಸೀಬ್ರಿಂಗ್‌ನ 12 ಗಂಟೆಗಳ ಓಟದಲ್ಲಿ ಕಾರು ಒಟ್ಟಾರೆ ಎರಡನೆಯದಾಗಿ ಬಂತು. ಅದನ್ನು ಕಲ್ಪಿಸಿದವನು ಆಗ ಆ ಕಾರ್ಖಾನೆಯ ಗೇಟಿನ ಹೊರಗಿದ್ದ.

ಆದ್ದರಿಂದ ಬೊಲೋನ್ಯಾದ ತೀರ್ಪು ಅರ್ಧ ಸರಿ ಎನ್ನುವುದು ನನ್ನ ಅಭಿಪ್ರಾಯ. ಕಲಾಕೃತಿ ಎಂದದ್ದು ಸರಿ. ಆದರೆ ಗ್ಯಾಲರಿಯ ಚಿತ್ರವನ್ನು ನೋಡುವ ಕಣ್ಣಿನಿಂದ ಅದನ್ನು ನೋಡಿದರೆ ಏನೂ ಕಾಣುವುದಿಲ್ಲ. ಒಬ್ಬನ ಎಂಜಿನ್ನು, ಮತ್ತೊಬ್ಬನ ಲೆಕ್ಕ, ಮೂರನೆಯವನ ಸುತ್ತಿಗೆ, ನಾಲ್ಕನೆಯವನ ತಿದ್ದುಪಡಿ. ನಾಲ್ವರಲ್ಲಿ ಯಾರೂ ‘ಸುಂದರವಾದದ್ದನ್ನು ಮಾಡುತ್ತೇನೆ’ ಎಂದು ಹೊರಟವರಲ್ಲ. ಗೆಲ್ಲಬೇಕಿತ್ತು, ಅಷ್ಟೆ. ಅಂದಹಾಗೆ, 2020ರಲ್ಲಿ ಯುರೋಪಿನ ಟ್ರೇಡ್‌ಮಾರ್ಕ್ ಕಚೇರಿ ಆ ಆಕಾರದ ಮೇಲಿನ ಫೆರಾರಿಯ ಟ್ರೇಡ್‌ಮಾರ್ಕ್ ಹಕ್ಕನ್ನು ಕಾರುಗಳ ಮಟ್ಟಿಗೆ ರದ್ದು ಮಾಡಿ, ಆಟಿಕೆ ಕಾರುಗಳ ಮಟ್ಟಿಗೆ ಉಳಿಸಿತು. ಕಾನೂನಿನ ಹಾಸ್ಯಪ್ರಜ್ಞೆ ಕೆಲವೊಮ್ಮೆ ನಮ್ಮ ನಾಟಕಕಾರರಿಗಿಂತ ಚೆನ್ನಾಗಿರುತ್ತದೆ.

ಎಂಜೊ ಫೆರಾರಿಯ ಪಾತ್ರವನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ತಾನು ವಿನ್ಯಾಸಕ ಎಂದು ಆತ ಹೇಳಿಕೊಳ್ಳಲಿಲ್ಲ. ಜನರನ್ನು ಕೆಣಕಿ, ಹುರಿದುಂಬಿಸಿ ಕೆಲಸಕ್ಕೆ ಹಚ್ಚುವವನು ಎಂದೇ ತನ್ನನ್ನು ಕರೆದುಕೊಂಡ. ಪ್ರತಿಭೆ ಎಲ್ಲಿದೆ ಎಂದು ವಾಸನೆ ಹಿಡಿಯುವ ಶಕ್ತಿ ಆತನಿಗಿತ್ತು. 1923ರಲ್ಲಿ ಆಲ್ಫಾ ರೋಮಿಯೊ ಕಂಪನಿಗಾಗಿ ವಿತ್ತೋರಿಯೊ ಯಾನೊ ಅವರನ್ನು ಫಿಯೆಟ್‌ನಿಂದ ಎಬ್ಬಿಸಿ ತಂದವರಲ್ಲಿ ಆತನೂ ಒಬ್ಬ. ಇಟಲಿಯ ರೇಸ್ ಕಾರುಗಳ ವಂಶವೃಕ್ಷ ಬರೆದರೆ ಬೇರಿನಲ್ಲಿ ಬರುವ ಹೆಸರು ಯಾನೊ ಅವರದೇ. ಅವರ ಪಿ2 ಕಾರು 1925ರಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ಗೆದ್ದಿತು. 1935ರಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ, ನಾಜಿ ಸರ್ಕಾರದ ಹಣದ ಬೆಂಬಲವಿದ್ದ ಮರ್ಸಿಡಿಸ್ ಮತ್ತು ಆಟೊ ಯೂನಿಯನ್ ಕಾರುಗಳನ್ನು ತಾತ್ಸಿಯೊ ನುವೊಲಾರಿ ಸೋಲಿಸಿದ್ದು ಯಾನೊ ಅವರ ಹಳೆಯ ಪಿ3ಯಲ್ಲಿ ಕುಳಿತು. ಎರಡೇ ವರ್ಷದಲ್ಲಿ ಯಾನೊ ಆಲ್ಫಾದಿಂದ ಹೊರಗೆ. ಮುಂದೆ ಲಾಂಚಿಯಾ ಕಂಪನಿಗೆ ಡಿ50 ಎಂಬ ಕಾರು ಮಾಡಿದರು. ಪೆಟ್ರೋಲ್ ಟ್ಯಾಂಕುಗಳನ್ನು ಎರಡು ಪಕ್ಕದ ಚಕ್ರಗಳ ನಡುವೆ ಜೋಲಿಯಂತೆ ತೂಗುಹಾಕಿದ ವಿಚಿತ್ರ ಕಾರು. ಪೆಟ್ರೋಲ್ ಖಾಲಿಯಾಗುತ್ತ ಹೋದರೂ ಕಾರಿನ ಸಮತೋಲ ಕೆಡಬಾರದು ಎಂಬುದು ಅದರ ಯುಕ್ತಿ. 1955ರ ಮೇ ತಿಂಗಳಲ್ಲಿ ತಂಡದ ಮುಖ್ಯ ಚಾಲಕ ಅಸ್ಕಾರಿ ತೀರಿಕೊಂಡರು. ಕಂಪನಿಯ ಹಣವೂ ಮುಗಿಯಿತು. ಕಾರುಗಳೆಲ್ಲ ಫೆರಾರಿಯ ಪಾಲಾದವು. 1956ರಲ್ಲಿ ಫಾಂಜಿಯೊ ಅದೇ ಕಾರುಗಳಲ್ಲಿ ವಿಶ್ವ ಚಾಂಪಿಯನ್ ಆದರು. ಆ ಗೆಲುವು ಈಗ ಫೆರಾರಿಯ ಪಟ್ಟಿಯಲ್ಲಿದೆ.

ಹೆಸರಿನ ಇನ್ನೊಂದು ಮುಖವೂ ಇದೆ. 1957ರ ಮೇ 12ರಂದು ಮಿಲ್ಲೆ ಮಿಲ್ಯಾ ಓಟದಲ್ಲಿ ಗುಯಿದಿತ್ಸೊಲೊ ಎಂಬ ಊರಿನ ಹತ್ತಿರ ಫೆರಾರಿಯೊಂದರ ಟೈರು ಸಿಡಿಯಿತು. ಚಾಲಕ ಪೋರ್ತಾಗೊ, ಅವನ ಸಂಗಡಿಗ ನೆಲ್ಸನ್, ರಸ್ತೆ ಬದಿಯಲ್ಲಿ ನಿಂತು ನೋಡುತ್ತಿದ್ದ ಒಂಬತ್ತು ಜನ ಸತ್ತರು. ಆ ಒಂಬತ್ತರಲ್ಲಿ ಐದು ಮಕ್ಕಳು. ಎಂಜೊ ಮೇಲೆ ಮೊಕದ್ದಮೆ ಹೂಡಲಾಯಿತು. 1961ರಲ್ಲಿ ಆತ ನಿರ್ದೋಷಿ ಎಂದು ಬಿಡುಗಡೆಯಾದ. 2023ರಲ್ಲಿ ಬಂದ ಮೈಕಲ್ ಮಾನ್ ಅವರ ‘ಫೆರಾರಿ’ ಸಿನಿಮಾ ಈ ದುರಂತದ ಸುತ್ತಲೇ ಇದೆ. ಮಕ್ಕಳ ಸಾವನ್ನು ಆ ಸಿನಿಮಾ ಮುಚ್ಚಿಡುವುದಿಲ್ಲ. ಅಷ್ಟರಮಟ್ಟಿಗೆ ಅದು ಪ್ರಾಮಾಣಿಕ. ಆದರೆ ಅಲ್ಲಿಯೂ ಕಥೆ ಎಂಜೊನ ಮನೆ, ಅವನ ದುಃಖ, ಅವನ ಎರಡು ಸಂಸಾರಗಳ ಸುತ್ತ ಸುತ್ತುತ್ತದೆ. ಆ ಕಾರನ್ನು ಮಾಡಿದ ಕೈಗಳು ಆ ರಾತ್ರಿ ಏನು ಯೋಚಿಸಿದವು ಎಂದು ತಿಳಿಯುವ ಕುತೂಹಲ ನಿರ್ದೇಶಕರಿಗಿಲ್ಲ. ಕಾರುಗಳ ಸೌಂದರ್ಯದ ಬಗ್ಗೆ ದಪ್ಪ ದಪ್ಪ ಪುಸ್ತಕ ಬರೆಯುವವರಿಗೂ ಗುಯಿದಿತ್ಸೊಲೊ ಸಾಮಾನ್ಯವಾಗಿ ಒಂದು ಸಾಲು.

ಫೆರಾರಿ ಬಿಟ್ಟ ಬಿಜ್ಜಾರಿನಿ 1963ರಲ್ಲಿ ಲಂಬೋರ್ಗಿನಿ ಎಂಬ ಟ್ರ್ಯಾಕ್ಟರ್ ತಯಾರಕನಿಗೆ ಹನ್ನೆರಡು ಸಿಲಿಂಡರಿನ ಎಂಜಿನ್ ಮಾಡಿಕೊಟ್ಟರು. ಹಿಗ್ಗುತ್ತ, ಬದಲಾಗುತ್ತ ಅದರ ವಂಶ 2010ರವರೆಗೂ ನಡೆಯಿತು. ಅದೇ ಎಂಜಿನ್ನನ್ನು ಚಾಲಕನ ಬೆನ್ನ ಹಿಂದೆ ಅಡ್ಡಡ್ಡಲಾಗಿ ಇಡುವ ಹುಚ್ಚು ಯೋಚನೆ ಬಂದದ್ದು ಜಾನ್‌ಪಾವ್ಲೊ ದಲ್ಲಾರಾ, ಪಾವ್ಲೊ ಸ್ತನ್ಜಾನಿ ಮತ್ತು ನ್ಯೂಜಿಲೆಂಡಿನಿಂದ ಬಂದ ಬಾಬ್ ವಾಲೇಸ್‌ಗೆ. ಮೂವರಿಗೂ ಮೂವತ್ತು ತುಂಬಿರಲಿಲ್ಲ. 1966ರಲ್ಲಿ ಜಿನೀವಾದಲ್ಲಿ ಅದು ಮಿಯುರಾ ಎಂಬ ಹೆಸರಿನಲ್ಲಿ ಪ್ರದರ್ಶನಗೊಂಡಾಗ ಜನ ಬೆರಗಾದರು. ಮೈ ಬೆರ್ತೋನೆ ಸಂಸ್ಥೆಯದು. ಆದರೆ ಬೆರ್ತೋನೆಯಲ್ಲಿ ಯಾರದು? ಜೊರ್ಜೆತ್ತೊ ಜುಜಾರೊ 1965ರಲ್ಲಿ ಆ ಸಂಸ್ಥೆ ಬಿಟ್ಟರು, ಮಾರ್ಚೆಲ್ಲೊ ಗಂದೀನಿ ಅದೇ ಜಾಗಕ್ಕೆ ಬಂದರು. ಇಬ್ಬರೂ ಹುಟ್ಟಿದ್ದು 1938ರ ಆಗಸ್ಟ್ ತಿಂಗಳಲ್ಲೇ. ಹಳೆಯವರ ರೇಖೆ ಎಷ್ಟು, ಹೊಸಬರ ಕೈ ಎಷ್ಟು ಎಂಬ ಜಗಳ ದಶಕಗಳ ಕಾಲ ನಡೆಯಿತು. ನನ್ನ ಮಟ್ಟಿಗೆ ಮಿಯುರಾ ಗಂದೀನಿಯದೇ. ಆದರೆ ಜುಜಾರೊ ಬಿಟ್ಟುಹೋದ ಮೇಜಿನ ಮೇಲೆ ಕುಳಿತು ಬರೆದದ್ದು ಎಂಬುದನ್ನೂ ಮರೆಯಬಾರದು. ಒಂದು ಗುರುಮನೆಯ ಶೈಲಿ ಶಿಷ್ಯನ ಕೈಯಲ್ಲಿ ಇರುವುದು ಕಳ್ಳತನವೇನಲ್ಲ.

ಗಂದೀನಿಯ ನಿಜವಾದ ಸ್ವಂತಿಕೆ ಬೇಕಾದವರು 1971ರ ಕೌಂಟಾಶ್ ನೋಡಬೇಕು. ಮಿಯುರಾದ ದುಂಡಗಿನ ಅಂಚುಗಳೆಲ್ಲ ಮಾಯ. ಬೆಣೆಯ ಹಾಗೆ ಕತ್ತರಿಸಿದ ಮೈ. ಬಾಗಿಲು ಕತ್ತರಿಯಂತೆ ಮೇಲಕ್ಕೆ ಏಳುತ್ತದೆ. ಹಿಂದೆ ಏನೂ ಕಾಣದ ಕಾರಾದ್ದರಿಂದ ರಿವರ್ಸ್ ತೆಗೆಯುವಾಗ ಬಾಗಿಲು ಎತ್ತಿ ತಲೆ ಹೊರಗೆ ಹಾಕಿ ನೋಡಬೇಕು. ಇದನ್ನು ಜನ ಶೋಕಿ ಎಂದುಕೊಂಡರು. ಐವತ್ತು ವರ್ಷದ ನಂತರ, 2021ರಲ್ಲಿ, ಕಂಪನಿ ಅದೇ ಹೆಸರಿನಲ್ಲಿ ಹೊಸ ಕಾರು ಬಿಡುಗಡೆ ಮಾಡಿ ಪ್ರಚಾರಕ್ಕೆ ಗಂದೀನಿಯ ಹೆಸರನ್ನೂ ಬಳಸಿತು. ಆ ಮುದುಕ ಸುಮ್ಮನಿರಲಿಲ್ಲ. ಇದರಲ್ಲಿ ತನ್ನ ಪಾತ್ರವಿಲ್ಲ, ತಾನು ಒಪ್ಪಿಗೆಯನ್ನೂ ಕೊಟ್ಟಿಲ್ಲ ಎಂದು ಬಹಿರಂಗ ಹೇಳಿಕೆ ಕೊಟ್ಟರು. 2024ರ ಮಾರ್ಚ್‌ನಲ್ಲಿ ಗಂದೀನಿ ತೀರಿಕೊಂಡರು. ಅದಕ್ಕೆ ಮುಂಚಿನ ಎರಡು ವರ್ಷಗಳಲ್ಲಿ ಫೊರ್ಗಿಯೇರಿ, ಬಿಜ್ಜಾರಿನಿ ಇಬ್ಬರೂ ಹೋಗಿದ್ದರು. ಆ ಪೀಳಿಗೆ ಹೆಚ್ಚುಕಡಿಮೆ ಮುಗಿದಂತೆಯೇ.

ನಮ್ಮ ಓದುಗರು ಈ ಲೋಕದ ಒಂದು ತುಣುಕಿನಲ್ಲಿ ತಿಳಿಯದೆಯೇ ಕುಳಿತು ಪ್ರಯಾಣ ಮಾಡಿದ್ದಾರೆ. ನ್ಯೂಯಾರ್ಕಿನ ಆಧುನಿಕ ಕಲೆಯ ಸಂಗ್ರಹಾಲಯ 1951ರಲ್ಲಿ ಎಂಟು ಕಾರುಗಳನ್ನು ಕಲಾಪ್ರದರ್ಶನಕ್ಕಿಟ್ಟಿತು. ಅದರಲ್ಲೊಂದು ಇಟಲಿಯ ಚಿಸಿತಾಲಿಯಾ 202. ಅದಕ್ಕೆ ಅಂಟಿಕೊಂಡ ಹೆಸರು ಪಿನಿನ್‌ಫರೀನಾದ್ದು. ಆ ಮೈಯ ಹಿಂದೆ ಜೊವಾನ್ನಿ ಸವೊನುತ್ಸಿ ಎಂಬ ಎಂಜಿನಿಯರ ರೇಖೆಗಳಿದ್ದವೆಂಬುದು ಬಲ್ಲವರಿಗಷ್ಟೇ ಗೊತ್ತು. ಒಳಗಿದ್ದ ಎಂಜಿನ್? ದಾಂತೆ ಜಕೋಸಾ ಅವರ ಕಾಲದ ಫಿಯೆಟ್ 1100ರದು, 1089 ಸಿ.ಸಿ. ಮುಂಬೈಯಲ್ಲಿ ತಯಾರಾಗಿ ನಮ್ಮ ರಸ್ತೆಗಳಲ್ಲಿ ಮೂರು ದಶಕಕ್ಕೂ ಮೇಲ್ಪಟ್ಟು ಓಡಿದ ಫಿಯೆಟ್, ಅಂದರೆ ಆಮೇಲಿನ ಪ್ರೀಮಿಯರ್ ಪದ್ಮಿನಿ, ಅದೇ ಮನೆತನದ್ದು. ಎಂಜಿನ್ನಿನ ಅಳತೆಯೂ ಅದೇ 1089. ಒಂದು ಸಂಗ್ರಹಾಲಯದಲ್ಲಿ, ಇನ್ನೊಂದು ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ.

ನಮ್ಮ ನೆಲಕ್ಕೆ ಇದಕ್ಕಿಂತ ಹತ್ತಿರದ ನಂಟು ಇದ್ದವರು ಫ್ರಾಂಕೊ ಸ್ಕಲಿಯೋನೆ. ಫ್ಲಾರೆನ್ಸಿನವರು. ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ಸೈನ್ಯದಲ್ಲಿದ್ದು, 1941ರ ಡಿಸೆಂಬರಿನಲ್ಲಿ ಉತ್ತರ ಆಫ್ರಿಕಾದ ತೋಬ್ರುಕ್ ಬಳಿ ಬ್ರಿಟಿಷರಿಗೆ ಸೆರೆಸಿಕ್ಕರು. ಆಗ ಇಟಲಿಯ ಯುದ್ಧಕೈದಿಗಳನ್ನು ಭಾರತಕ್ಕೆ ತಂದು ಬೆಂಗಳೂರಿನ ಜಾಲಹಳ್ಳಿ ಕಡೆಯೂ ಇಟ್ಟಿದ್ದರು. ಸ್ಕಲಿಯೋನೆ ಇದ್ದದ್ದು ಹಿಮಾಲಯದ ತಪ್ಪಲಿನ, ಕಾಂಗ್ರಾ ಕಣಿವೆಯ ಯೋಲ್ ಶಿಬಿರದಲ್ಲಿ. 1946ರ ಕೊನೆಗೆ ಊರಿಗೆ ಮರಳಿದರು. ಅವರು ಎಂಜಿನಿಯರ್ ಪದವಿ ಪಡೆದವರಲ್ಲ, ಗಾಳಿಯ ಹರಿವಿನ ಹುಚ್ಚು ಹಿಡಿದವರು. 1953ರಿಂದ 1955ರವರೆಗೆ ಬೆರ್ತೋನೆಯಲ್ಲಿದ್ದುಕೊಂಡು ಆಲ್ಫಾ ರೋಮಿಯೊಗಾಗಿ ಮೂರು ವಿಲಕ್ಷಣ ಕಾರುಗಳನ್ನು ಮಾಡಿದರು. ಹಿಂದಿನ ರೆಕ್ಕೆಗಳು ಬಾವಲಿಯಂತೆ ಒಳಕ್ಕೆ ಮಡಚಿಕೊಂಡವು. ನೋಡಲು ಹುಚ್ಚಾಟ, ಆದರೆ ಗಾಳಿ ಅವುಗಳ ಮೇಲೆ ಜಾರುವ ರೀತಿಗೆ ಇಂದಿನ ಎಂಜಿನಿಯರುಗಳೂ ತಲೆದೂಗುತ್ತಾರೆ. 1967ರಲ್ಲಿ ಅವರು ಮಾಡಿದ ಆಲ್ಫಾ 33 ಸ್ತ್ರಾದಾಲೆ ನನ್ನ ಕಣ್ಣಿಗೆ ಜಿಟಿಒಗಿಂತ, ಮಿಯುರಾಗಿಂತ ಒಂದು ತೂಕ ಹೆಚ್ಚು. ಅದು ರೇಸ್ ಕಾರಿನ ಅಸ್ಥಿಪಂಜರದ ಮೇಲೆ ಹೊದಿಸಿದ ಚರ್ಮ. ಎಲ್ಲಿಯೂ ಒಂದು ಗೆರೆ ಹೆಚ್ಚಿಲ್ಲ. ಹದಿನೆಂಟು ಕಾರುಗಳಷ್ಟೇ ತಯಾರಾದವು.

ನಂತರದ ವರ್ಷಗಳಲ್ಲಿ ಅವರಿಗೆ ಕೆಲಸ ಕಡಿಮೆಯಾಯಿತು. ಸ್ಕಲಿಯೋನೆ ತೊಸ್ಕಾನಾದ ಸುವೆರೆತೊ ಎಂಬ ಹಳ್ಳಿಗೆ ಹೋಗಿ ನೆಲೆಸಿ 1993ರಲ್ಲಿ ಅಲ್ಲಿಯೇ ತೀರಿಕೊಂಡರು. ಕಾರು ಪ್ರಪಂಚ ಅವರನ್ನು ಆ ಹೊತ್ತಿಗೆ ಬಹುಮಟ್ಟಿಗೆ ಮರೆತಿತ್ತು. ಅವರು ಸತ್ತು 30 ವರ್ಷವಾದ ಮೇಲೆ, 2023ರ ಆಗಸ್ಟ್‌ನಲ್ಲಿ, ಆಲ್ಫಾ ರೋಮಿಯೊ 33 ಸ್ತ್ರಾದಾಲೆ ಎಂಬ ಹೆಸರಿನಲ್ಲೇ ಹೊಸ ಕಾರನ್ನು ಪ್ರಕಟಿಸಿತು. 33 ಕಾರುಗಳನ್ನು ಮಾತ್ರ ಮಾಡುವುದಾಗಿ ಹೇಳಿತು. ಜಗತ್ತಿಗೆ ತೋರಿಸುವ ಹೊತ್ತಿಗೆ ಮೂವತ್ತಮೂರೂ ಮಾರಾಟವಾಗಿದ್ದವು.