ಒಂದು ಕೊಯ್ತಾ, ಎರಡು ಮೈ

ಹೋದ ದೀಪಾವಳಿಗೆ ಲಚ್ಯಾಣಕ್ಕೆ ಹೋಗೋವಾಗ ರೈಲಿನಲ್ಲಿ ಡೇವಿಡ್ ಹಾರ್ವೆಯ 'ಸ್ಪೇಸಸ್ ಆಫ್ ಹೋಪ್' (2000) ಓದ್ತಿದ್ದೆ. ಅದರಲ್ಲಿ ಮೈಯ ಬಗ್ಗೆನೇ ಎರಡು ಅಧ್ಯಾಯ ಇವೆ. ಜಾಗತೀಕರಣದ ಬಗ್ಗೆ ಮಾತಾಡೋರು ಮೈಯನ್ನ ಮರೀತಾರೆ, ಮೈಯ ಬಗ್ಗೆ ಬರೆಯೋರು ಮಾರುಕಟ್ಟೆಯನ್ನ ಮರೀತಾರೆ ಅನ್ನೋದು ಅವನ ತಕರಾರು. ಸರಿಯಾದ ತಕರಾರೇ. ಮಾರ್ಕ್ಸ್ 1867ರಲ್ಲೇ 'ಕ್ಯಾಪಿಟಲ್'ನ ಕೆಲಸದ ದಿನದ ಅಧ್ಯಾಯದಲ್ಲಿ ಕುಂಬಾರಿಕೆ ಕಾರ್ಖಾನೆಯ ಮಕ್ಕಳ ಎದೆಗೂಡಿನ ತನಕ ಹೋಗಿದ್ದ. ಆಮೇಲಿನ ಅರ್ಥಶಾಸ್ತ್ರದಲ್ಲಿ ಆ ಮೈ 'ಶ್ರಮ' ಅನ್ನೋ ಬರೀ ಅಂಕಿ ಆಯ್ತು. ನಮ್ಮ ಆಫೀಸುಗಳಲ್ಲಿ ನಾವು 'ಹೆಡ್‌ಕೌಂಟ್' ಆದ ಹಾಗೆ. ತಲೆ ಕಂಪನಿಯ ಲೆಕ್ಕಕ್ಕೆ, ಕುತ್ತಿಗೆ ನೋವು ನಮ್ಮ ಸ್ವಂತದ್ದು.

ಆದರೆ ಹಾರ್ವೆ ದಾರಿ ಹುಡುಕೋದು ಬಾಲ್ಟಿಮೋರ್‌ನಲ್ಲಿ. ಅಲ್ಲಿ 1994ರಲ್ಲಿ ಬಂದ ಕನಿಷ್ಠ ಬದುಕಿನ ಕೂಲಿಯ ಕಾನೂನು, ಗಂಟೆಗೆ ಇಷ್ಟು ಅಂತ. ಇಂಡಿ ದಾಟಿ ಕಿಟಕಿಯಾಚೆ ಕಬ್ಬು ಕಾಣಿಸಿದಾಗ ನನಗೆ ಅದು ಸಾಲಲಿಲ್ಲ.

ಕಬ್ಬು ಕಡಿಯೋರ ಲೆಕ್ಕ ಗಂಟೆಯಲ್ಲಿಲ್ಲ, ಆಳಿನಲ್ಲೂ ಇಲ್ಲ. ಅದು 'ಕೊಯ್ತಾ'ದಲ್ಲಿ. ಕೊಯ್ತಾ ಅಂದರೆ ಕಬ್ಬು ಕಡಿಯೋ ಕತ್ತಿ; ಗಂಡ-ಹೆಂಡತಿ ಸೇರಿ ಒಂದು ಕೊಯ್ತಾ. ಮುಂಗಡ ಇಬ್ಬರಿಗೂ ಸೇರಿ, ಸಾಮಾನ್ಯವಾಗಿ ಗಂಡನ ಕೈಗೆ. ಕೂಲಿ ಟನ್ನಿನ ಮೇಲೆ. ಒಬ್ಬರು ಮಲಗಿದರೆ ದಂಡ. ಅಂದರೆ ಮುಟ್ಟಿನ ಹೊಟ್ಟೆನೋವೂ ಸಾಲಕ್ಕೇ ಸೇರತದ. 2019ರಲ್ಲಿ ಮಹಾರಾಷ್ಟ್ರ ಸರಕಾರದ ಸಮಿತಿ ಬೀಡ್ ಜಿಲ್ಲೆಯಲ್ಲಿ 82 ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳನ್ನ ವಿಚಾರಿಸಿದಾಗ 13 ಸಾವಿರಕ್ಕೂ ಹೆಚ್ಚು ಮಂದಿಗೆ ಗರ್ಭಕೋಶ ಇರಲಿಲ್ಲ. 2024ರಲ್ಲಿ 'ನ್ಯೂಯಾರ್ಕ್ ಟೈಮ್ಸ್' ಮಹಾರಾಷ್ಟ್ರದ ಸಕ್ಕರೆಯ ಜಾಡು ಹಿಡಿದು ಕೋಕಾಕೋಲಾ, ಪೆಪ್ಸಿ ತನಕ ಹೋಯ್ತು. (ರೈಲಿನಲ್ಲಿ ನನ್ನ ಕೈಯಾಗೂ ಅಂಥದೇ ಒಂದು ಬಾಟಲಿ ಇತ್ತು, ಇರಲಿ.) ಕೂಲಿ ದರ ಏರಿಸಬೇಕು, ನಿಜ. ಆದರೆ ಲೆಕ್ಕದ ಘಟಕವೇ ಇಬ್ಬರನ್ನ ಒಂದು ಕತ್ತಿ ಮಾಡಿದಾಗ, ಏರಿದ ದರ ಅವಳ ಮೈ ಮುಟ್ಟೋದು ಹೆಂಗ? ಈ ಪ್ರಶ್ನೆ ಹಾರ್ವೆಯ ಗಂಟೆ ಲೆಕ್ಕದೊಳಗೆ ಬರೋದಿಲ್ಲ. ಮೈಯನ್ನ ಸಿದ್ಧಾಂತದೊಳಗೆ ತಂದ, ಅದರ ಹಾಜರಿ ಪುಸ್ತಕ ಯಾರು ಬರೀತಾರೆ ಅಂತ ನೋಡಲಿಲ್ಲ.

ನಮ್ಮ ಹೊಲಕ್ಕೆ ಕಡಿಯೋ ಟೋಳಿ ಬಂದಿತ್ತು. ಸಂಜೆ ಎಲ್ಲರಿಗೂ ಚಹಾ ಕೊಟ್ಟವನು ನಾನೇ, ಇಪ್ಪತ್ತು ಲೋಟ, ಮಕ್ಕಳದ್ದು ಬ್ಯಾರೆ. ರಾತ್ರಿ ಅಪ್ಪ ವಹಿ ನನ್ನ ಕಡೆ ಸರಿಸಿ, "ಎಷ್ಟ ಬಂದಾರ, ಬರಕೋ" ಅಂದ.

'ಹತ್ತು ಕೊಯ್ತಾ' ಅಂತ ಬರೆದೆ.